ಹೊನ್ನಾಳಿ ಬಸ್ಸಿನಲ್ಲಿ ಬಂದ ಹವಳ

ಬೇಸಿಗೆಯಲ್ಲಿ ಸೂಳೆಕೆರೆಯ ನೀರು ಹಿಂದೆ ಸರಿದಾಗ ದಂಡೆಯಲ್ಲಿ ಉಳಿದುಹೋದ ಪಾಚಿ, ಕಪ್ಪೆಚಿಪ್ಪು, ಬಸವನಹುಳುಗಳೆಲ್ಲ ಬಿಸಿಲಿಗೆ ಕೊಳೆತು ಒಂದು ವಾಸನೆ ಏಳುತ್ತಿತ್ತು. ಕೆರೆಯಂಚಿನ ಊರಿನಲ್ಲಿ ಹುಟ್ಟಿದ ಸಿದ್ದಲಿಂಗಮ್ಮನಿಗೆ ಆ ವಾಸನೆ ಬಂತೆಂದರೆ ಶಾಲೆಗೆ ರಜೆ ಹತ್ತಿರವಾಯಿತೆಂದು ಅರ್ಥ. ಐವತ್ತೈದು ವರ್ಷಗಳ ಮೇಲೆ, ಚನ್ನಗಿರಿಯ ತನ್ನ ಮನೆಯ ನಡುಮನೆಯಲ್ಲಿ ಕಸಬರಿಗೆ ಹಿಡಿದು ನಿಂತವಳ ಮೂಗಿಗೆ ಅದೇ ವಾಸನೆ ಬಡಿಯಿತು.

ಗಾಜಿನ ಟ್ಯಾಂಕಿನ ಮುಂದೆ ಮಗಳು ಸಂಧ್ಯಾರಾಣಿ ಮಂಡಿಯೂರಿ ಕೂತಿದ್ದಳು. ಕೆಲಸಕ್ಕೆ ಹೊರಡುವ ಹೊತ್ತಾಗಿದ್ದರೂ ಜಡೆ ಹಾಕಿರಲಿಲ್ಲ.

"ವಾಸ್ನೆ ಬಂತಾ ಅವ್ವ?"

"ಬಂತು."

"ಅಂಚು ಕರಗಾಕೆ ಹತ್ತೈತೆ ನೋಡು."

ಸಿದ್ದಲಿಂಗಮ್ಮ ಬಗ್ಗಿ ನೋಡಿದಳು. ಮುಷ್ಟಿಯಷ್ಟು ದೊಡ್ಡ ಹವಳ. ದಪ್ಪ ಅಣಬೆಯ ಹಾಗೆ ಒಂದು ಕಾಂಡ, ಮೇಲೊಂದು ಕೊಡೆ. ಹದಿನೈದು ದಿನಗಳ ಹಿಂದೆ ಆ ಕೊಡೆಯ ತುಂಬ ಸಣ್ಣ ಸಣ್ಣ ಬೆರಳುಗಳು ಅರಳಿ ನೀರಿನಲ್ಲಿ ತೂಗುತ್ತಿದ್ದವು. ಈಗ ಒಂದು ಬೆರಳೂ ಕಾಣುತ್ತಿರಲಿಲ್ಲ. ಇಡೀ ಕೊಡೆ ಸುಕ್ಕಾಗಿ ಮುದುಡಿತ್ತು. ಒಂದು ಕಡೆ ಗಂಜಿ ಹೆಪ್ಪುಗಟ್ಟಿದ ಹಾಗೆ ಲೋಳೆ ಜೋತಾಡುತ್ತಿತ್ತು.

ಹವಳವೆಂದರೆ ಉಂಗುರದಲ್ಲಿ ಕೂರಿಸುವ ಕೆಂಪು ಮಣಿ ಎಂದಷ್ಟೇ ಅವಳು ತಿಳಿದಿದ್ದಳು. ಅದು ಜೀವವಿರುವ ಪ್ರಾಣಿ, ಸಮುದ್ರದ ನೀರಿನಲ್ಲಿ ಬದುಕುತ್ತದೆ, ಕಣ್ಣಿಗೆ ಕಾಣದ ಪಾಚಿಯನ್ನು ಮೈಯೊಳಗೆ ಸಾಕಿಕೊಂಡು ಅದು ಕೊಟ್ಟದ್ದನ್ನು ತಿನ್ನುತ್ತದೆ ಎಂದೆಲ್ಲ ಹೇಳಿಕೊಟ್ಟವಳು ಸಂಧ್ಯಾ. ಕಷ್ಟ ಬಂದಾಗ ಆ ಪಾಚಿಯನ್ನೇ ಹೊರಗೆ ಹಾಕಿ ಬೆಳ್ಳಗಾಗಿಬಿಡುತ್ತದಂತೆ. "ಬೆಳ್ಳಗಾದ್ರೆ ಸತ್ತಂಗಲ್ಲ ಅವ್ವ. ಉಪವಾಸ ಬಿದ್ದೈತೆ ಅಷ್ಟೆ" ಎಂದಿದ್ದಳು, ಬಂದ ದಿನ.

ಆ ದಿನಕ್ಕೆ ನಾಲ್ಕು ತಿಂಗಳಾಗಿತ್ತು. ಹೊನ್ನಾಳಿಯ ಗಂಡನ ಮನೆಯಿಂದ ಅವಳು ತಂದದ್ದು ಒಂದು ಬಟ್ಟೆ ಬ್ಯಾಗು ಮತ್ತು ಮುಚ್ಚಳದ ಬಕೆಟ್ಟು. ಬಸ್ಸು ತುಂಬಿತ್ತಂತೆ. ಬಕೆಟ್ಟಿನಲ್ಲಿ ಜೀವವಿರುವ ವಸ್ತುವಿದೆ ಎಂದದ್ದಕ್ಕೆ ಕಂಡಕ್ಟರು ತನ್ನ ಸೀಟು ಬಿಟ್ಟುಕೊಟ್ಟು, ಚನ್ನಗಿರಿಯವರೆಗೂ ನಿಂತೇ ಬಂದನಂತೆ. ಹಂಪ್ಸ್ ಬಂದಾಗಲೆಲ್ಲ "ನಿಧಾನ ಕಣಣ್ಣ, ಪೇಷೆಂಟ್ ಐತೆ" ಎಂದು ಡ್ರೈವರನಿಗೆ ಕೂಗುತ್ತಿದ್ದನಂತೆ. ಆ ಮನೆಯ ಬಗ್ಗೆ ಬೇರೆ ಏನನ್ನೂ ಹೇಳದ ಮಗಳು ಇದನ್ನು ಮಾತ್ರ ಎರಡು ಸಲ ಹೇಳಿದ್ದಳು.

ಬೇರೆಯದು ಸಿದ್ದಲಿಂಗಮ್ಮನಿಗೆ ಗೊತ್ತೇ ಇತ್ತು. ಅದಕ್ಕೂ ಮೊದಲು ಎರಡು ಸಲ ಸಂಧ್ಯಾ ಬಂದಿದ್ದಳು, ಎರಡು ಸಲವೂ ತಾಯಿಯೇ ವಾಪಸು ಬಸ್ಸು ಹತ್ತಿಸಿದ್ದಳು. ಮೂವತ್ತು ವರ್ಷ ಅಂಗನವಾಡಿ ನಡೆಸಿದ ಹೆಂಗಸು. ಸೆರಗು ಹಿಡಿದು ಅಳುವ ಮಕ್ಕಳನ್ನು ತಾಯಂದಿರಿಂದ ಬಿಡಿಸಿ ಒಳಗೆ ಕರೆದುಕೊಂಡು ಬಾಗಿಲು ಹಾಕಿ, "ಮೂರು ದಿನ ಅಳ್ತಾವೆ, ಆಮೇಲೆ ತಾವೇ ಹೊಂದ್ಕೊಂತಾವೆ, ನೀವು ಹಿಂದೆ ತಿರುಗಿ ನೋಡಬ್ಯಾಡ್ರಿ" ಎಂದು ಎಷ್ಟು ಜನಕ್ಕೆ ಹೇಳಿದ್ದಳೋ. ಮಗಳಿಗೂ ಅದನ್ನೇ ಹೇಳಿದ್ದಳು. ಎರಡನೆಯ ಸಲ ಸಂಧ್ಯಾ ಇಲ್ಲಿದ್ದ ಮೂರು ದಿನಗಳಲ್ಲಿ ಗಂಡ ವಿನಯ್ ಕುಮಾರ್ ಅವಳು ಮೀನು, ಹವಳ ಸಾಕಿಕೊಂಡಿದ್ದ ಟ್ಯಾಂಕಿನ ಮೋಟರನ್ನು ಆರಿಸಿ ರೂಮಿಗೆ ಬೀಗ ಹಾಕಿದ್ದ. ಅವಳು ಮರಳಿ ಹೋದಾಗ ಮೀನುಗಳೆಲ್ಲ ಸತ್ತು ತೇಲುತ್ತಿದ್ದವು. "ನಿನ್ನ ಕೈಯಾಗೆ ಯಾವುದು ಉಳಿದೈತೆ ಹೇಳು" ಎಂದನಂತೆ. ಉಳಿದದ್ದು ಇದೊಂದು, ಬೆಳ್ಳಗಾಗಿ.

ಇಲ್ಲಿಗೆ ಬಂದ ಮೇಲೆ ಸಂಧ್ಯಾ ಹಳೆಯ ಟ್ಯಾಂಕೊಂದನ್ನು ಹೊಂದಿಸಿಕೊಂಡು, ಬೆಳಕು ಜಾಸ್ತಿ ಬೀಳದಂತೆ ತಾಯಿಯ ಹಳೆಯ ವಾಯಿಲ್ ಸೀರೆಯನ್ನು ಮಡಿಸಿ ಮೇಲೆ ಹೊದಿಸಿದಳು. ಉಪ್ಪನ್ನು ತೂಗಿ ನೀರು ಕಲೆಸಿದಳು. ಎರಡು ತಿಂಗಳಿಗೆ ಹವಳದ ಮೈಗೆ ತೆಳು ಕಂದು ಬಣ್ಣ ಮರಳಿತು. ಬೆರಳುಗಳು ಅರಳಿದ ಬೆಳಗ್ಗೆ ಸಂಧ್ಯಾ ಕೇಳಿ ಎರಡನೆಯ ರೊಟ್ಟಿ ಹಾಕಿಸಿಕೊಂಡಳು. ಅದೇ ವಾರ ರಕ್ತ ಪರೀಕ್ಷೆ ಮಾಡುವ ಲ್ಯಾಬೊಂದರಲ್ಲಿ ಕೆಲಸಕ್ಕೆ ಸೇರಿದಳು. ಟ್ಯಾಂಕಿನಲ್ಲಿ ದಿನವೂ ಆರಿಹೋಗುವ ಒಂದು ತಂಬಿಗೆಯಷ್ಟು ನೀರನ್ನು ತುಂಬುವ ಕೆಲಸ ತಾಯಿಯ ಪಾಲಿಗೆ ಬಂತು. "ಫಿಲ್ಟರ್ ನೀರೇ ಹಾಕಬೇಕವ್ವ. ಬೋರಿನ ನೀರು ಬ್ಯಾಡ, ನಲ್ಲಿ ನೀರು ಬ್ಯಾಡ" ಎಂದು ನೀಲಿ ಪ್ಲಾಸ್ಟಿಕ್ ಕ್ಯಾನನ್ನು ತೋರಿಸಿ ಹೋಗಿದ್ದಳು.

ಈಗ ಅವಳು ದಾವಣಗೆರೆಯ ಮೀನಿನಂಗಡಿಯ ದುರುಗೇಶನಿಗೆ ಫೋನು ಹಚ್ಚಿ, ಸ್ಪೀಕರಿಗೆ ಹಾಕಿ ನೆಲದ ಮೇಲಿಟ್ಟಳು. ಫೋನಿನಲ್ಲಷ್ಟೇ ಪರಿಚಯ, ಮುಖವನ್ನೇ ನೋಡಿರದ ಮನುಷ್ಯ. ಈ ನಾಲ್ಕು ತಿಂಗಳಲ್ಲಿ ಒಂದು ಸಲವೂ ಬೇಸರ ಮಾಡಿಕೊಂಡಿರಲಿಲ್ಲ.

"ಉಪ್ಪು ಸರಿ ಐತೇನಕ್ಕ?"

"ಸರಿ ಐತಣ್ಣ. ದಿನಾ ನೋಡ್ತೀನಿ."

"ಸೆಖೆ?"

"ಫ್ಯಾನ್ ಹಾಕೀನಿ."

"ಹಂಗಾದ್ರೆ ಇನ್ನೊಂದೇ. ತಾಮ್ರ ಏನಾರ ತಗುಲೈತಾ? ಪೈಪು, ತಂತಿ, ಪಾತ್ರೆ? ನಮಗೆ ಒಳ್ಳೇದಿರಬಹುದಕ್ಕ, ಹವಳಕ್ಕೆ ಅದು ಖಂಡಿತ ವಿಷ. ಒಂದೇ ದಿನಕ್ಕೆ ಗೊತ್ತಾಗಂಗಿಲ್ಲ. ದಿನಾ ಚೂರು ಚೂರು ಸೇರಿ ಸೇರಿ ಹಿಂಗೆ ಆಗ್ತೈತೆ."

"ತಾಮ್ರ ಎಲ್ಲಿಂದ ಬರ್ಬೇಕಣ್ಣ? ಕ್ಯಾನಿಂದ ಅವ್ವ ಹಾಕ್ತಾಳೆ."

ಅಷ್ಟೊತ್ತಿಗೆ ಅಡುಗೆಮನೆಗೆ ಹೋಗಿದ್ದ ಸಿದ್ದಲಿಂಗಮ್ಮನ ಕೈ ನಿಂತಿತು. ಕೈಯಲ್ಲಿ ಹುಣಸೆಹಣ್ಣಿನ ಹಿಪ್ಪೆ ಇತ್ತು. ಮುಂದೆ ಅರ್ಧ ಬೆಳಗಿದ ತಾಮ್ರದ ಕೊಡವಿತ್ತು.

ನೀಲಿ ಕ್ಯಾನನ್ನು ಕಂಡರೆ ಅವಳಿಗೆ ಮನಸ್ಸು ಒಪ್ಪಿರಲಿಲ್ಲ. ಅದರ ನೀರಿಗೆ ಪ್ಲಾಸ್ಟಿಕ್ಕಿನ ಕಮಟು. ಕಾಯಿಲೆಯ ಜೀವಕ್ಕೆ ಅಂಥ ನೀರನ್ನು ಹೇಗೆ ಹಾಕುವುದು? ಅದಕ್ಕೇ ಫಿಲ್ಟರ್ ನೀರನ್ನೇ ಹಿಂದಿನ ದಿನ ತಾಮ್ರದ ಕೊಡಕ್ಕೆ ಬಗ್ಗಿಸಿಟ್ಟು, ಬೆಳಗ್ಗೆ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಅದೇ ಕೊಡದಿಂದ ಒಂದು ತಂಬಿಗೆ ಟ್ಯಾಂಕಿಗೆ ಹಾಕುತ್ತಿದ್ದಳು. ದೇವರಿಗೆ ಇಡುವ ನೀರು, ತಾನು ಕುಡಿಯುವ ನೀರು. ವಾರಕ್ಕೆರಡು ಸಲ ಕೊಡವನ್ನು ಹುಣಸೆಹಣ್ಣು ಹಚ್ಚಿ ಫಳಫಳ ಬೆಳಗುತ್ತಿದ್ದಳು.

ನಡುಮನೆಯಲ್ಲಿ ಫೋನು ನಿಂತಿತು.

"ನಂದೇ ತಪ್ಪವ್ವ" ಎಂದಳು ಸಂಧ್ಯಾ ಅಲ್ಲಿಂದಲೇ. ದನಿಯಲ್ಲಿ ಅಳುವೂ ಇರಲಿಲ್ಲ. "ಮನ್ಯಾಗಿದ್ದಾಗ ಚೆನ್ನಾಗಿತ್ತು. ಕೆಲ್ಸಕ್ಕೆ ಹೋಗಾಕೆ ಸುರು ಮಾಡಿದ ಮ್ಯಾಲೆ ಹಿಂಗಾತು. ಅವರು ಅಂದಿದ್ದು ಸುಳ್ಳಲ್ಲ ಬಿಡು, ನನ್ನ ಕೈಯಾಗೆ ಏನೂ ಉಳಿಯಲ್ಲ. ಭಾನುವಾರ ಮಾವ ಅವರ ಕಡೇರನ್ನ ಕರ್ಕೊಂಡು ಬರ್ತಾನಲ್ಲ? ಬರ್ಲಿ. ಹೋಗ್ತೀನಿ."

ಮಾವನೆಂದರೆ ಸಿದ್ದಲಿಂಗಮ್ಮನ ಅಣ್ಣ ನಾಗೇಂದ್ರಪ್ಪ. ರಾಜಿ ಮಾಡಿಸಲು ಒಂದು ತಿಂಗಳಿಂದ ಓಡಾಡುತ್ತಿದ್ದ.

ಕೊಡವನ್ನು ಅಟ್ಟದ ಮೇಲೆ ಒಗೆದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಮಗಳು ಅವಳಾಗಿಯೇ ಹೋಗುತ್ತಾಳೆ, ಈ ಸಲ ಯಾರೂ ಬಸ್ಸು ಹತ್ತಿಸಬೇಕಾಗಿಲ್ಲ. ಸಿದ್ದಲಿಂಗಮ್ಮ ಹುಣಸೆ ರಸ ಸುರಿಯುವ ಕೈಯಲ್ಲೇ ಕೊಡವನ್ನು ತಂದು ಮಗಳ ಮುಂದಿಟ್ಟಳು.

"ಇದ್ರಾಗೆ ಇಟ್ಟು ಹಾಕ್ತಿದ್ದೆ."

"ಏನನ್ನ?"

"ನೀರನ್ನ. ಫಿಲ್ಟರ್ ನೀರೇ ಕಣವ್ವ. ಇದ್ರಾಗಿಟ್ರೆ ಶುದ್ಧ ಆಗ್ತೈತೆ ಅಂತ... ಸಣ್ಣಾಕಿದ್ದಾಗ ನಿನಗೂ ಹೊಟ್ಟೆ ನೋವು ಬಂದ್ರೆ ಇದೇ ನೀರು ಕುಡಿಸ್ತಿದ್ದೆ."

ಸಂಧ್ಯಾ ಕೊಡವನ್ನೇ ನೋಡಿದಳು. ಬೆಳಗಿದ ಅರ್ಧ ಹೊಳೆಯುತ್ತಿತ್ತು.

"ಯಾವಾಗಿಂದ?"

"ನೀನು ಲ್ಯಾಬಿಗೆ ಸೇರಿದಾಗಿಂದ."

"ಒಳ್ಳೇದಾಗ್ಲಿ ಅಂತ?"

"ಹೂಂ."

ಸಂಧ್ಯಾ ನಕ್ಕಳು. ಆ ನಗುವಿಗಿಂತ ಬೈಗುಳವೇ ಮೇಲಾಗಿತ್ತು.

"ಅವತ್ತೂ ಒಳ್ಳೇದಾಗ್ಲಿ ಅಂತಾನೇ ಬಸ್ಸು ಹತ್ತಿಸಿದ್ದೆ. ಎಲ್ಡನೇ ಸಲ ಹೋಳಿಗೆ ಡಬ್ಬಿ ಬ್ಯಾರೆ ಕೊಟ್ಟಿದ್ದೆ, ಅವರ ಮನೇರಿಗೆ ಅಂತ. ಅದನ್ನೇನು ಮಾಡ್ದೆ ಗೊತ್ತಾ? ಹೊನ್ನಾಳಿ ಬಸ್ ಸ್ಟ್ಯಾಂಡಿನಾಗೆ ನಾಯಿಗೆ ಹಾಕ್ದೆ. ಹನ್ನೊಂದು ಹೋಳಿಗೆ. ಒಂದೊಂದೇ ಹಾಕ್ದೆ, ಮನೆಗೆ ಹೋಗೋದು ತಡ ಆಗ್ಲಿ ಅಂತ."

ಸಿದ್ದಲಿಂಗಮ್ಮನಿಗೆ ಲೆಕ್ಕ ನೆನಪಿತ್ತು. ಹನ್ನೊಂದಲ್ಲ, ಹನ್ನೆರಡು ಇಟ್ಟಿದ್ದಳು. ಹನ್ನೆರಡನೆಯದನ್ನು ಮಗಳೇ ತಿಂದಿರಬೇಕು.

"ಈಗ ನಾನೇನು ಮಾಡ್ಲಿ ಸಂಧ್ಯಾ?"

"ನೀನೇನೂ ಮಾಡಬ್ಯಾಡ. ದಯವಿಟ್ಟು, ಒಳ್ಳೇದು ಅಂತ ಏನೂ ಮಾಡಬ್ಯಾಡ."

ಅವಳು ಮತ್ತೆ ದುರುಗೇಶನಿಗೆ ಫೋನು ಮಾಡಿದಳು. ಕೊಳೆತದ್ದನ್ನು ಕೊಯ್ದು ತೆಗೆದು, ಗಟ್ಟಿ ಇರುವ ತುಂಡನ್ನು ಹೊಸ ನೀರಿಗೆ ಹಾಕಿ ನೋಡಬೇಕು, ಉಳಿದರೆ ಉಳಿಯಿತು ಎಂದ ಅವನು. "ಇವತ್ತೇ ಮಾಡಕ್ಕ. ತಾಯವ್ರಿಗೆ ಬೈಬ್ಯಾಡ್ರಿ. ನಮ್ಮವ್ವ ಟ್ಯಾಂಕಿಗೆ ವಿಭೂತಿ ಹಾಕಿದ್ಲು" ಎಂದು ಫೋನಿಟ್ಟ. ಸಂಧ್ಯಾ ಲ್ಯಾಬಿಗೆ ರಜೆ ಹೇಳಿ ಬ್ಲೇಡನ್ನು ಬಿಸಿನೀರಿಗೆ ಹಾಕಿದಳು.

ಸಿದ್ದಲಿಂಗಮ್ಮ ಹಿತ್ತಲ ಮೆಟ್ಟಿಲ ಮೇಲೆ ಕೂತು ಅಣ್ಣನಿಗೆ ಫೋನು ಹಚ್ಚಿದಳು.

"ಭಾನುವಾರ ಯಾರೂ ಬರಾದು ಬ್ಯಾಡಣ್ಣ."

"ಏನಾತೇ ಸಿದ್ದಿ? ಅವರನ್ನ ಒಪ್ಪಿಸಾಕೆ ನನಗೆ ಸಾಕುಸಾಕಾಗೈತೆ. ಆಕಿ ಅಳ್ತಾಳೇನು? ಮೂರು ದಿನ ಅಳ್ತಾವೆ, ಆಮೇಲೆ ಹೊಂದ್ಕೊಂತಾವೆ ಅಂತ ಊರಿಗೆಲ್ಲ ಹೇಳಾಕಿ ನೀನೇ."

"ಹೇಳ್ತಿದ್ದೆ" ಎಂದಳು ಸಿದ್ದಲಿಂಗಮ್ಮ. "ಬಾಗ್ಲು ಹಾಕಿದ ಮ್ಯಾಲೆ ಅವು ಸುಮ್ನಾಗ್ತಿದ್ವು. ಹೊಂದ್ಕೊಂಡ್ವು ಅಂತ ನಾನೇ ಅನ್ಕೊಂಡೆ."

"ಜನ ಏನಂತಾರೆ?"

"ನನ್ನ ಹೆಸರು ಹೇಳಣ್ಣ. ತಾಯಿನೇ ಕಳಿಸಲ್ಲ ಅಂದ್ಲು ಅಂತ ಹೇಳು."

ಅಣ್ಣ ಇನ್ನೂ ಮಾತಾಡುತ್ತಿದ್ದ. ಅವಳು ಫೋನನ್ನು ಮಡಿಲಲ್ಲಿಟ್ಟುಕೊಂಡಳು. ದನಿ ಸಣ್ಣಗೆ ಕೇಳುತ್ತ ಕೇಳುತ್ತ ನಿಂತುಹೋಯಿತು. ಒಳಗೆ ಬಕೆಟ್ಟು ಎಳೆಯುವ ಸದ್ದು, ನೀರು ಸುರಿಯುವ ಸದ್ದು. ಕಿಟಕಿಯಿಂದ ಒಮ್ಮೆ ನೋಡಿದಳು. ಸಂಧ್ಯಾ ಹೆಬ್ಬೆರಳಿನಷ್ಟು ತುಂಡೊಂದನ್ನು ಕಲ್ಲಿನ ಮೇಲಿಟ್ಟು ಬಿಳಿ ದಾರದಿಂದ ಕಟ್ಟುತ್ತಿದ್ದಳು, ಗಾಯಕ್ಕೆ ಬಟ್ಟೆ ಕಟ್ಟುವ ಹಾಗೆ. ಮುಷ್ಟಿಯಷ್ಟಿದ್ದುದರಲ್ಲಿ ಅಷ್ಟೇ ಮಿಕ್ಕಿತ್ತು. ಉಳಿದದ್ದು ಹಳೆಯ ಪೇಪರಿನ ಮೇಲೆ ಬಿದ್ದಿತ್ತು, ಸೂಳೆಕೆರೆಯ ವಾಸನೆ ಬೀರುತ್ತ.

ಬಿಸಿಲು ಮೆಟ್ಟಿಲು ದಾಟಿ ಬಾವಿಕಟ್ಟೆಗೆ ಹೋಯಿತು. ಬೆಳಗಿನಿಂದ ಒಲೆ ಹಚ್ಚಿರಲಿಲ್ಲ. ಎದ್ದು ಹಚ್ಚಬೇಕೆನಿಸಿದರೂ ಆ ಮನೆಯೊಳಗೆ ಏನನ್ನು ಮುಟ್ಟಲೂ ಅವಳಿಗೆ ಧೈರ್ಯ ಬರಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಒಳಗಿನಿಂದ ಸದ್ದು ಬಂತು. ರೊಟ್ಟಿ ಬಡಿಯುವ ಸದ್ದು, ತಾಳ ತಪ್ಪಿ ತಪ್ಪಿ. ಈ ಮನೆಯಲ್ಲಿ ಸಂಧ್ಯಾ ಯಾವತ್ತೂ ರೊಟ್ಟಿ ಬಡಿದವಳಲ್ಲ.

ಆಮೇಲೆ ಅವಳು ಹಿತ್ತಲ ಬಾಗಿಲಿಗೆ ಬಂದಳು. ಬೆರಳಿನ ಸಂದಿಯಲ್ಲಿ ಹಿಟ್ಟು, ಮೊಣಕೈಯಲ್ಲಿ ಒಣಗಿದ ಉಪ್ಪಿನ ಬಿಳಿ ಗೆರೆ. ತಾಯಿಯ ಮುಖ ನೋಡಲಿಲ್ಲ. ಸ್ಟೀಲಿನ ಲೋಟದಲ್ಲಿ ನೀರನ್ನು ತಂದು ಮೆಟ್ಟಿಲ ಮೇಲಿಟ್ಟಳು. ಮತ್ತೆ ಒಳಗೆ ಹೋಗಿ, ಒಂದು ಕಡೆ ಸೀದ ದಪ್ಪ ರೊಟ್ಟಿ, ಶೇಂಗಾ ಚಟ್ನಿ, ಚೂರು ಮೊಸರು ಇದ್ದ ತಟ್ಟೆಯನ್ನು ತಂದು, ತಾಯಿ ಎರಡೂ ಕೈ ಚಾಚುವವರೆಗೂ ಹಿಡಿದುಕೊಂಡೇ ನಿಂತಿದ್ದಳು.