ಲೋಟದೊಳಗಿನ ಬಿಳಿ ಎಳೆ

ತೊಂಡಾಮುತ್ತೂರಿನ ಸುತ್ತ ಗಿಡಕ್ಕೆ ಮದ್ದು ಮಾರುವ ತಂಗವೇಲುವನ್ನು ಎಲ್ಲರೂ ಡಾಕ್ಟರ್ ಎನ್ನುತ್ತಾರೆ. ಈ ಡಾಕ್ಟರ್ ಬೈಕಿನಿಂದ ಇಳಿಯದೆಯೇ ರೋಗ ಹೇಳಬಲ್ಲ. ಇಳಿದರೆ ಬಿಳಿ ಪಂಚೆಗೆ ಮಣ್ಣಾಗುತ್ತದಲ್ಲ.

ನಮ್ಮ ಟೊಮ್ಯಾಟೊ ನಾಟಿ ಮಾಡಿ ನಲವತ್ತು ದಿನವಾಗಿತ್ತು. ಮೇಲಿನ ಹೊಲದ ಮೂಲೆಯಲ್ಲಿ ಹತ್ತು ಸಾಲು ಗೇಣುದ್ದಕ್ಕೇ ನಿಂತುಬಿಟ್ಟಿದ್ದವು. ಮಧ್ಯಾಹ್ನ ಬಾಡುತ್ತಿದ್ದವು, ಸಂಜೆ ಅಷ್ಟಿಷ್ಟು ತಲೆಯೆತ್ತುತ್ತಿದ್ದವು. ಮೂರನೇ ದಿನ ಕೆಲವು ಪೂರಾ ಕುಸಿದವು. ಒಂದೆಲೆಯೂ ಹಳದಿಯಾಗಿರಲಿಲ್ಲ.

"ಬಾಯಾರಿಕೆ, ಅಮ್ಮಣಿ," ಎಂದ ತಂಗವೇಲು ಬೈಕಿನ ಮೇಲಿಂದಲೇ. "ಎರಡು ಪಾಲು ನೀರು ಬಿಡಿ. ಬೇರಿಗೆ ನಮ್ಮ ಟಾನಿಕ್ ಹಾಕಿ. ಎಂಟೇ ದಿನ, ಸೊಂಟದುದ್ದ ಬೆಳೀತದೆ."

"ಇಳಿದು ಒಂದು ಗಿಡ ಕಿತ್ತು ನೋಡಿ, ಅಣ್ಣಾ."

"ಕೀಳೋದ್ಯಾಕೆ? ಮೋಹನ್ ರಾಜ್ ಫೋಟೋ ಕಳ್ಸಿದ್ದಾನಲ್ಲ!"

ಮೋಹನ್ ರಾಜ್ ಎಂದರೆ ನಮ್ಮ ಮನೆಯವರು; ಬೈಕಿನ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು. ಹೆತ್ತಪ್ಪನ ಮುಂದೆಯೂ ಅವರು ಹಾಗೆ ನಿಂತದ್ದನ್ನು ನಾನು ಕಂಡಿಲ್ಲ.

ನನಗೆ ಚಿಂತೆ ಟೊಮ್ಯಾಟೊದ್ದಲ್ಲ. ಮೇಲಿನ ಹೊಲ ದಾಟಿದ ಕಾಲುವೆ ಕೆಳಗಿನ ಅರ್ಧ ಎಕರೆಗೆ ಇಳಿಯುತ್ತದೆ. ಅಲ್ಲಿ ನನ್ನ ಮಗಳು ತೆನ್ಮೊಳಿಯ ಬದನೆ ಇದೆ. ಅಪ್ಪನ ಹತ್ತಿರ ಹಠ ಹಿಡಿದು ಪಡೆದ ಹೊಲ, ಅವಳ ಮೊದಲ ಬೆಳೆ. ಬೀಜ ಹಾಕಿದ ದಿನದಿಂದ ಬೇರೆಯವರ ಕೈ ತಾಗಿಸದೆ ಬೆಳೆಸಿದ್ದಳು. ಆಗಷ್ಟೇ ಹೂ ಬಿಟ್ಟಿತ್ತು. ಮೇಲಿನದು ಬ್ಯಾಕ್ಟೀರಿಯಾದ ಸೊರಗು ರೋಗವಾದರೆ ಅದು ನೀರಿನ ಜೊತೆ ಇಳಿದು ಬದನೆಯನ್ನೂ ತಿನ್ನುತ್ತದೆ. ಆ ರೋಗಕ್ಕೆ ಯಾವ ಬಾಟಲಿಯಲ್ಲೂ ಮದ್ದಿಲ್ಲ.

ಅದನ್ನು ಪತ್ತೆ ಮಾಡುವ ಬಗೆಯನ್ನು ಕಳೆದ ವರ್ಷ ಕೃಷಿ ತರಬೇತಿಯಲ್ಲಿ ಒಬ್ಬ ಹುಡುಗಿ ತೋರಿಸಿಕೊಟ್ಟಿದ್ದಳು. ಕುಕ್ಕರಿಗೆ ಬೇಳೆ ಹಾಕಿ, ಗಾಜಿನ ಲೋಟದಲ್ಲಿ ತಿಳಿನೀರು ತಂದಿಟ್ಟುಕೊಂಡೆ. ಬಾಡಿದ ಗಿಡದ ಕಾಂಡವನ್ನು ಬುಡದ ಹತ್ತಿರ ಕೊಯ್ದೆ. ಒಳಗೆ ಕಂದು ಗೆರೆ. ತುಂಡಿನ ತುದಿಯನ್ನು ನೀರಿಗೆ ಮುಟ್ಟಿಸಿ ಅಲ್ಲಾಡಿಸದೆ ಹಿಡಿದೆ. ಬೂಷ್ಟಿನ ರೋಗವಾದರೆ ನೀರು ತಿಳಿಯಾಗಿಯೇ ಇರಬೇಕು, ಬ್ಯಾಕ್ಟೀರಿಯಾ ಆದರೆ ಬಿಳಿ ಎಳೆ ಇಳಿಯಬೇಕು. ಕುಕ್ಕರ್ ಎರಡನೇ ಸಲ ಕೂಗುವಷ್ಟರಲ್ಲಿ ಕಾಂಡದಿಂದ ಹಾಲಿನಂಥ ಎಳೆಯೊಂದು ಸಣ್ಣಗೆ ಕೆಳಗಿಳಿಯಿತು.

ಲೋಟವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅಂಗಡಿಗೆ ನಡೆದೆ. ತಂಗವೇಲು ಅದನ್ನು ಬೆಳಕಿಗೆ ಹಿಡಿದು ನೋಡಿದ.

"ಅಮ್ಮಣಿ, ಹಾಲು ಕುಡಿದ ಲೋಟಾನ ಸರಿಯಾಗಿ ತೊಳೀಬೇಕು."

ಬೆಂಚಿನ ಮೇಲಿದ್ದ ನಾಲ್ವರು ನಕ್ಕರು. ಇಪ್ಪತ್ತಮೂರು ವರ್ಷದಿಂದ ಪಾತ್ರೆ ತಿಕ್ಕುತ್ತಿರುವವಳಿಗೆ, ಕುಡಿದ ಟೀ ಲೋಟಗಳನ್ನು ಇರುವೆ ಮುತ್ತುವ ತನಕ ಮೇಜಿನ ಮೇಲೇ ಬಿಡುವವನು ಹೇಳಿದ ಬುದ್ಧಿ.

"ಸರಿ, ಅಣ್ಣಾ. ನಿಮ್ಮ ಲೋಟಾನೇ ಕೊಡಿ. ನೀವೇ ತೊಳೀರಿ, ನೀವೇ ನೀರು ತುಂಬಿ. ಕಾಂಡ ನನ್ನ ಹತ್ರ ಇನ್ನೂ ಎರಡಿದೆ."

"ನಂಗೆ ವ್ಯಾಪಾರ ಇದೆಯಮ್ಮಾ," ಎಂದು ಡಾಕ್ಟರ್ ಒಳಕ್ಕೆ ಹೋದ. ಅಲ್ಲಿ ಕೊಳ್ಳುವವರು ಒಬ್ಬರೂ ಇರಲಿಲ್ಲ.

ಹಿಂದಿರುಗುವಾಗ ನಮ್ಮ ಹೊಲದ ನೀರಿನ ಮೋಟಾರಿನ ಸದ್ದು ದೂರಕ್ಕೇ ಕೇಳಿತು. ಓಡಿಹೋಗಿ ನಿಲ್ಲಿಸಿದೆ.

"ಯಾಕೆ ನಿಲ್ಸಿದೆ?" ಎಂದು ಮನೆಯವರು ಗುದ್ದಲಿ ಹಿಡಿದು ಬಂದರು. "ನಂಗೇನು ಅಷ್ಟೂ ಗೊತ್ತಾಗಲ್ವಾ? ಮಗಳ ಹೊಲಕ್ಕೆ ನೀರು ಹೋಗದ ಹಾಗೆ ಕಾಲುವೆ ಬಾಯಿ ಕಟ್ಟಿದೀನಿ. ಬೇಕಾದ್ರೆ ಬಂದು ನೋಡು."

ನೋಡಿದೆ. ನಮ್ಮಲ್ಲಿ ಕಾಲುವೆಯ ಬಾಯಿ ಕಟ್ಟುವುದು ಹೀಗೆ: ಕೈಗೆ ಸಿಕ್ಕ ಗಿಡಗಳನ್ನು ಕಿತ್ತು, ಹಸಿ ಮಣ್ಣಿನ ಜೊತೆ ತುರುಕಿ, ಕಾಲಿನಿಂದ ತುಳಿಯುವುದು. ಮನೆಯವರ ಕೈಗೆ ಸಿಕ್ಕದ್ದು ಬಾಡಿದ ಟೊಮ್ಯಾಟೊ ಗಿಡಗಳು. ಅವುಗಳ ನಡುವಿನಿಂದ ನೀರು ಬೆರಳಷ್ಟು ದಪ್ಪಕ್ಕೆ ಜಿನುಗಿ, ಬದನೆಯ ಮೊದಲ ಎರಡು ಸಾಲಿನ ಬುಡ ತೋಯಿಸಿತ್ತು.

ತೆನ್ಮೊಳಿ ಅಷ್ಟರಲ್ಲಿ ಬಂದಿದ್ದಳು. ನಾನು ಲೋಟ ತೋರಿಸಿದೆ. ಹೆಚ್ಚು ಹೇಳಬೇಕಾಗಲಿಲ್ಲ. ಅವಳು ಅಳುತ್ತಾಳೆಂದು ಕೈ ಹಿಡಿಯಹೋದೆ. ಅವಳು ಗೊಬ್ಬರದ ಖಾಲಿ ಚೀಲ ತಂದು ಅಪ್ಪನ ಕಾಲ ಬಳಿ ಎಸೆದಳು.

"ಮೊದ್ಲು ಆ ಗಿಡ ಎಲ್ಲಾ ಇದಕ್ಕೆ ತುಂಬಿ, ಅಪ್ಪಾ. ಆಮೇಲೆ ನನ್ನ ಆ ಎರಡು ಸಾಲು ಕಿತ್ತು ತುಂಬಿ. ಸಾಲಿನ ಆಚೆಗೆ ಕಾಲು ಇಡಬೇಡಿ. ಉಳಿದ ಸಾಲಿಗೆ ನಾನು ಮೋಟಾರಿನಿಂದಲೇ ಪೈಪಲ್ಲಿ ನೀರು ತರ್ತೀನಿ."

"ಹೂ ಬಿಟ್ಟಿದೆಯಲ್ಲಮ್ಮಾ..."

"ಬಿಟ್ಟಿದೆ. ಕೀಳಿ."

ಅವರು ಬಗ್ಗಿ ಕೀಳತೊಡಗಿದರು. ಅರ್ಧ ಸಾಲು ಮುಗಿದಾಗ ಅವರ ಫೋನ್ ರಿಂಗಾಯಿತು. ಅಂಗಡಿಯಿಂದ. ಫೋನನ್ನು ಭುಜಕ್ಕೂ ಕಿವಿಗೂ ಸಿಕ್ಕಿಸಿಕೊಂಡು, ನೇರಳೆ ಹೂವಿನ ಗಿಡವೊಂದನ್ನು ಬೇರುಸಮೇತ ಎಳೆಯುತ್ತ ಹೇಳಿದರು:

"ಬಿಟ್ಟಿದ್ದೀನಿ, ಡಾಕ್ಟರ್. ಎರಡು ಪಾಲು ಬಿಟ್ಟಿದ್ದೀನಿ. ಹೌದೌದು, ಈಗಲೇ ತಲೆಯೆತ್ತಿದೆ."

ನಾನು ಮಗಳ ಮುಖ ನೋಡಿದೆ.

"ಬಿಡವ್ವಾ," ಎಂದಳು ಅವಳು ಪೈಪ್ ಎಳೆಯುತ್ತ. "ಒಂದು ಬೇರೂ ಬಿಡದ ಹಾಗೆ ಕೀಳ್ತಿದ್ದಾರಲ್ಲ, ಅಷ್ಟು ಸಾಕು."