ಬೈಕ್ ಸದ್ದಿಗೆ ಚಿಲಕ ಹಾಕುವ ಬೀದಿ

ನಮ್ಮ ಬೀದಿಯಲ್ಲಿ ಬೈಕ್ ಸದ್ದು ಕೇಳಿದರೆ ಸಾಕು, ಎಲ್ಲರ ಜೀವ ಬಾಯಿಗೆ ಬರುತ್ತದೆ. ಹಾಡಹಗಲೇ ಹೆಲ್ಮೆಟ್ ಹಾಕಿಕೊಂಡು ಇಬ್ಬರು ಬರುತ್ತಾರೆ. ಒಂಟಿ ಹೆಂಗಸು ಕಂಡರೆ ಸರವೋ ಚೀಲವೋ, ಕೈಗೆ ಸಿಕ್ಕಿದ್ದನ್ನು ಕಿತ್ತುಕೊಂಡು ಹೋಗುತ್ತಾರೆ. ನಾನು ಬಟ್ಟೆ ಹೊಲಿಯುವವಳು, ಮೂಲೆಮನೆ ನನ್ನದು. ಸದ್ದು ಮೊದಲು ಕೇಳಿಸುವುದು ನನಗೇ. ಮಿಷನ್ ನಿಲ್ಲಿಸಿ, ಪಕ್ಕದ ಮನೆಯ ಗೋಡೆಗೆ ಕತ್ತರಿಯಿಂದ ಮೂರು ಸಲ ಕುಟ್ಟುತ್ತೇನೆ. ಅವರು ಆಚೆ ಮನೆಯವರಿಗೆ ಕುಟ್ಟುತ್ತಾರೆ. ಅರೆಗಳಿಗೆಯಲ್ಲಿ ಇಡೀ ಬೀದಿಗೆ ಚಿಲಕ. ಈ ಉಪಾಯ ನನ್ನದು ಎಂಬ ಜಂಬವೂ ನನಗಿತ್ತು.

ಕಳೆದ ಮಂಗಳವಾರವೂ ಕುಟ್ಟಿ, ಚಿಲಕ ಹಾಕಿ ಕೂತೆ. ಯಾರೋ ಓಡಿಬಂದು ನನ್ನ ಬಾಗಿಲು ದಬದಬ ಬಡಿದರು. ಕಳ್ಳರೇ ಇರಬೇಕು ಎಂದುಕೊಂಡೆ. ತೆರೆಯಲಿಲ್ಲ. ಬೈಕು ದೂರ ಹೋದ ಮೇಲೆ ನೋಡಿದರೆ ಮೆಟ್ಟಿಲ ಮೇಲೆ ನನ್ನ ಮಗಳು. ಚೀಲವಿಲ್ಲ, ಮೊಣಕೈ ತರಚಿ ರಕ್ತ. ಹೆದರಿ ಅವಳಿಗೆ ದನಿಯೇ ಹೊರಟಿರಲಿಲ್ಲ.

"ಯಾಕಮ್ಮ ತೆಗೀಲಿಲ್ಲ?" ಎಂದಳು ಆಮೇಲೆ.

ಅಂದಿನಿಂದ ಅವಳು ಹೊಸಿಲು ದಾಟಲಿಲ್ಲ. ಔಷಧಿ ಅಂಗಡಿಯ ಕೆಲಸ ಬಿಡುತ್ತೇನೆಂದು ಕೂತಳು.

ಮೂರನೇ ದಿನ ಎದುರು ಮನೆಯ ನರ್ಸಕ್ಕ ಗಾಯದ ಪಟ್ಟಿ ಬದಲಿಸುತ್ತಾ ಕೇಳಿದರು: "ದೂರು ಕೊಟ್ಯಾ?"

"ಸುಮ್ನಿರಕ್ಕ. ಸ್ಟೇಷನ್ ಮೆಟ್ಟಿಲು ಹತ್ತಿದ್ರೆ ಹೆಣ್ಣುಮಗು ಹೆಸರು ನಾಲ್ಕು ಜನರ ಬಾಯಿಗೆ ಬೀಳುತ್ತೆ. ಪೊಲೀಸ್ರು ಈ ಕಡೆ ತಲೆ ಹಾಕಿದ್ದನ್ನ ನಾನಂತೂ ಕಂಡಿಲ್ಲ."

"ಹೇಗೆ ಕಾಣ್ತೀಯ? ಬೀಟ್ ಪೊಲೀಸಮ್ಮ ಬರೋದೂ ಬೈಕಲ್ಲೇ. ನೀನು ಗೋಡೆ ಕುಟ್ತೀಯ, ಅವರು ಮುಚ್ಚಿದ ಬಾಗಿಲು ನೋಡ್ಕೊಂಡು, ಎಲ್ಲ ಶಾಂತ ಅಂತ ಬರ್ಕೊಂಡು ಹೋಗ್ತಾರೆ. ನಿನ್ನೆ ಸ್ಟೇಷನ್ನಲ್ಲಿ ಕೇಳ್ಕೊಂಡು ಬಂದೆ. ಎರಡು ವರ್ಷದಿಂದ ನಮ್ಮ ಬೀದಿಯದು ಒಂದು ದೂರೂ ಇಲ್ಲ. ಅದಕ್ಕೇ ದಿನಾ ಇದ್ದ ಗಸ್ತು ವಾರಕ್ಕೊಂದು ಸಲ ಆಗಿದೆ. ಅಳದಿದ್ರೆ ಹೆತ್ತ ತಾಯೀನೂ ಹಾಲು ಕೊಡಲ್ಲ ಕಣೇ."

ಕಳ್ಳರಿಗೆಂದು ಹಾಕಿದ ಚಿಲಕ ಪೊಲೀಸರಿಗೂ ಬಿದ್ದಿತ್ತು, ಮಗಳಿಗೂ ಬಿದ್ದಿತ್ತು.

ಮರುದಿನ ಸ್ಟೇಷನ್ನಿಗೆ ಹೋಗಿ ದೂರು ಬರೆಸಿದೆ. ಬೀಟ್ ಪೊಲೀಸಮ್ಮನೇ ಕೂರಿಸಿ ನೀರು ಕೊಟ್ಟು ಕೇಳಿಕೊಂಡರು. ನನ್ನ ಹಿಂದೆಯೇ ಇನ್ನೂ ಆರು ಮನೆಯವರು ಬಂದು ತಮ್ಮದನ್ನೂ ಹೇಳಿದರು. ಗಸ್ತು ಮತ್ತೆ ದಿನಕ್ಕೊಂದಾಯಿತು.

ಆ ಇಬ್ಬರು ಇನ್ನೂ ಸಿಕ್ಕಿಲ್ಲ. ಅಂದಿನಿಂದ ಮನೆಯಲ್ಲೇ ಇದ್ದ ಮಗಳು ನಿನ್ನೆ ಮತ್ತೆ ಕೆಲಸಕ್ಕೆ ಹೋದಳು. ಸಂಜೆ ನಾಲ್ಕಕ್ಕೆ ಬೈಕ್ ಸದ್ದು. ಕೈ ತಾನಾಗಿ ಕತ್ತರಿಗೆ ಹೋಯಿತು. ಆದರೂ ಕತ್ತರಿ ಕೆಳಗಿಟ್ಟು, ಬಾಗಿಲು ತೆರೆದು ಬೀದಿಗೆ ಬಂದು ನಿಂತೆ. ಪೊಲೀಸಮ್ಮ ನಿಧಾನವಾಗಿ ಬರುತ್ತಿದ್ದರು. ಅವರ ಹಿಂದೆ, ನಾಲ್ಕು ಹೆಜ್ಜೆ ದೂರದಲ್ಲಿ, ನನ್ನ ಮಗಳು.

"ಬಾಗಿಲು ತೆಗ್ದಿದೀಯಲ್ಲಮ್ಮ," ಎಂದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬೀದಿಯ ಬೀಟ್ ಪೊಲೀಸರ ಮುಖ ನಿಮಗೆ ಗೊತ್ತೇ? ಇವತ್ತೇ ಹೋಗಿ ಹೆಸರು, ನಂಬರು ಕೇಳಿಕೊಳ್ಳಿ. ಚಿಕ್ಕದೋ ದೊಡ್ಡದೋ, ನಡೆದದ್ದನ್ನು ಬರೆಸಿ. ಸುಮ್ಮನೆ ಚಿಲಕ ಹಾಕಿಕೊಂಡು ಕೂರಬೇಡಿ. ಆಚೆ ನಿಂತು ಬಾಗಿಲು ಬಡಿಯುತ್ತಿರುವುದು ನಿಮ್ಮ ಮಗುವೇ ಇರಬಹುದು.