ಮಾರಿ ತಿರುಗಿಸಿ ನಿಂತಾಕಿ

ನಾನು ಪಾಯಖಾನೆಯ ನೆಲ ತಿಕ್ಕುತ್ತಿದ್ದೆ, ಅಜೀಜಾಬಿ ಖಾಲಾ ಬಕೀಟಿನಿಂದ ನೀರು ಬಿಡುತ್ತಿದ್ದಳು. ಫಿನಾಯಿಲು ಮೂಗಿಗೆ ಏರುತ್ತದೆ ಅಂತ ಬಾಯಿಗೆ ಓಢಣಿ ಕಟ್ಟಿಕೊಂಡಿದ್ದೆವು. ಬಾಗಿಲಿಗೆ ಒಳಚಿಲಕ ಇರಲಿಲ್ಲ. ಖಾಲಾ ಒಂದು ಮೊಳೆ ಹೊಡೆದು ಸುತಳಿ ಕಟ್ಟಿದಳು. ನಾನು ಎಳೆದು ನೋಡಿದೆ, ಗಟ್ಟಿಯಿತ್ತು.

ಜೇವರ್ಗಿಯ ಹೆದ್ದಾರಿ ಪಕ್ಕದ ಈ ಕಾಲೇಜಿನಲ್ಲಿ ಖಾಲಾ ಮತ್ತು ನಾನು ಕಸ ಹೊಡೆಯುವ ಕೆಲಸಕ್ಕಿದ್ದೇವೆ. ಅವತ್ತು ರಜೆ. ಆದರೂ ಕರೆಸಿದ್ದರು, ಸೈಕಲ್ ರೇಸ್ ಇತ್ತು. ವಿಜಯಪುರ ರಸ್ತೆಯ ಮೇಲೆ ಹೋಗಿ ತಿರುಗಿ ಬರಬೇಕು. ರಾಜ್ಯದ ತಂಡಕ್ಕೆ ಇಲ್ಲಿಂದ ಹೆಸರು ಕಳಿಸುತ್ತಾರಂತೆ, ಹುಡುಗರಿಗೆ ನಾಲ್ಕು ಜಾಗ, ಹುಡುಗಿಯರಿಗೆ ಒಂದು. ಗೆದ್ದವರು ಮದ್ದು ತಿಂದಿಲ್ಲ ಅಂತ ಮೂತ್ರ ಪರೀಕ್ಷೆ ಮಾಡುವ ಮೇಡಂ ಒಬ್ಬರು ಬೆಂಗಳೂರಿನಿಂದ ಬಂದಿದ್ದರು. ಅದಕ್ಕೇ ನಾವು ತಿಕ್ಕುತ್ತಿದ್ದದ್ದು.

ಹುಡುಗಿಯರ ರೇಸು ಮೊದಲು ಮುಗಿಯಿತು. ತೊಗರಿ ಹೇರಿದ ಟ್ರ್ಯಾಕ್ಟರುಗಳನ್ನು ಪೊಲೀಸರು ಸಾಲಾಗಿ ನಿಲ್ಲಿಸಿದ್ದರು. ಅವುಗಳ ಮುಂದೆ ಹಾದು ಒಬ್ಬಳೇ ಒಬ್ಬಳು ಬಂದಳು, ಉಳಿದವರು ಇನ್ನೂ ಕಣ್ಣಿಗೇ ಬಿದ್ದಿರಲಿಲ್ಲ. ಹೆಲ್ಮೆಟ್ ತೆಗೆದ ಮೇಲೆ ಗುರುತು ಹತ್ತಿತು. ಭಾಗ್ಯಜ್ಯೋತಿ, ನಮ್ಮ ನಿಂಬರ್ಗಾದ ಗುರಮ್ಮನ ಮಗಳು. ನಾನು ಕಂಬದ ಹಿಂದೆ ನಿಂತಿದ್ದೆ. ಕರೆಯಬೇಕು ಅನ್ನಿಸಿತು, ಕೈಯಲ್ಲಿನ ಬಕೀಟು ನೋಡಿ ಇನ್ನಷ್ಟು ಹಿಂದೆ ಸರಿದೆ.

ನಿಂಬರ್ಗಾದಲ್ಲಿ ನಾವು ಒಂದೇ ಓಣಿಯವರು. ಏಳನೇ ಕ್ಲಾಸಿನವರೆಗೆ ಒಂದೇ ಬೆಂಚು. ಎಂಟಕ್ಕೆ ಹೋದವರಿಗೆ ಆಗ ಸರ್ಕಾರ ಸೈಕಲ್ ಕೊಡುತ್ತಿತ್ತು. ನಾನು ಏಳಕ್ಕೇ ಬಿಟ್ಟೆ, ಅಮ್ಮಿಗೆ ಬೇನೆ ಇತ್ತು, ಮನೆಯಲ್ಲಿ ಕೈ ಬೇಕಿತ್ತು. ಅವಳಿಗೆ ಸೈಕಲ್ ಬಂತು. ಸಂಜೆ ಅದನ್ನು ನನ್ನ ಬಾಗಿಲಿಗೇ ತರುತ್ತಿದ್ದಳು. ಇಬ್ಬರಿಗೆ ಒಂದೇ ಸೈಕಲ್ ಇದ್ದರೆ ಪಂದ್ಯ ಹೇಗೆ? ಒಬ್ಬಾಕಿ ಪಕ್ಕದೂರು ಮಟಕಿಯ ರಸ್ತೆಯ ಮೋರಿ ಮುಟ್ಟಿ ಬರಬೇಕು, ಇನ್ನೊಬ್ಬಾಕಿ ಗಟ್ಟಿಯಾಗಿ ಎಣಿಸಬೇಕು. ಆಮೇಲೆ ಅದಲುಬದಲು. ಅವಳು ಎಣಿಸುವಾಗ ನಡುವೆ ಯಾರಾದರೂ ಮಾತಾಡಿಸಿದರೆ ಮರೆತುಬಿಡುತ್ತಿದ್ದಳು. ನಾನು ಮರೆಯುತ್ತಿರಲಿಲ್ಲ. ಅವಳು ಸೋತಾಗಲೂ ಸೋತಿ ಅಂತಲೇ ಹೇಳುತ್ತಿದ್ದೆ. ಒಂದು ಸಲ ಸಿಟ್ಟಿಗೆದ್ದು ಸೈಕಲ್ ನೂಕಿಕೊಂಡು ಹೋದಳು. ಮರುದಿನ ಮತ್ತೆ ಬಂದಳು. "ನೀನ ಎಣಸು ಬೇ. ಉಳದಾವ್ರು ನನ್ನ ಮಾರಿ ನೋಡಿ ಎಣಸ್ತಾರ" ಅಂದಳು.

ನಸುಕಿನಲ್ಲಿ ಬಯಲಿಗೆ ಹೋಗುವಾಗಲೂ ನಾವಿಬ್ಬರೇ ಜೋಡಿ. ತೊಗರಿ ಹೊಲದ ಬದುವಿಗೆ ಒಬ್ಬಾಕಿ ಕೂಡಬೇಕು, ಇನ್ನೊಬ್ಬಾಕಿ ಅತ್ತ ಮಾರಿ ಮಾಡಿ ಕಾವಲು ನಿಲ್ಲಬೇಕು. ಇದನ್ನು ಯಾರೂ ಕಲಿಸುವುದಿಲ್ಲ, ನಡೆಯುವುದು ಬಂದ ಹಾಗೆ ಇದೂ ಬರುತ್ತದೆ. ತಿರುಗಿ ನೋಡಿದವಳನ್ನು ಆಮೇಲೆ ಯಾರೂ ಜೊತೆಗೆ ಕರೆಯುವುದಿಲ್ಲ.

ಆಮೇಲೆ ಅಬ್ಬಾ ನಮ್ಮನ್ನು ಜೇವರ್ಗಿಗೆ ಕರಕೊಂಡು ಬಂದರು. ಅವಳು ವಿಜಯಪುರದ ಕಡೆ ಯಾವುದೋ ಕ್ರೀಡಾ ಹಾಸ್ಟೆಲ್ ಸೇರಿದಳು ಅಂತ ಕೇಳಿದ್ದೆ.

ರೇಸ್ ಮುಗಿದಲ್ಲಿ ಗದ್ದಲ ಎದ್ದಿತು. ಎರಡನೇ ಬಂದವಳು ಅಫಜಲಪುರದ ಯಾಸ್ಮೀನ. ಅವಳಿಗೆ ಕಲಿಸುವ ಧರ್ಮರಾಜ ಸರ್ ಎಲ್ಲರ ಮುಂದೆ ಭಾಗ್ಯಜ್ಯೋತಿಯ ಕಾಲಿನ ಕಡೆ ಕೈ ಮಾಡಿದರು.

"ಹೆಣ್ಣ ಹುಡುಗಿ ಕಾಲ ಏನ್ರಿ ಇವು? ಏನರ ತಿಂತಾಳ ಆಕಿ. ಹೋದ ವರ್ಷ ಆಕಿ ನಮ್ಮ ಹುಡುಗಿಗಿಂತ ಹಿಂದ ಇದ್ಲು. ಬರದ ಕೊಡ್ತೇನಿ ನಾ ದೂರು."

"ಹೌದ್ರಿ ಸರ್, ತಿಂತೇನಿ" ಅಂದಳು ಭಾಗ್ಯಜ್ಯೋತಿ, ಇನ್ನೂ ಏದುಸಿರು ಬಿಡುತ್ತ. "ನಮ್ಮವ್ವನ ರೊಟ್ಟಿ. ನಿಮಗೂ ನಾಕ ಕಟ್ಟಿಸ್ಕೊಂಡ ಬರ್ಲೇನ್ರಿ?"

ಜನ ನಕ್ಕರು. ಧರ್ಮರಾಜ ಸರ್ ನಗಲಿಲ್ಲ. ರೇಸಿನ ಉಸ್ತುವಾರಿ ನಮ್ಮ ಕಾಲೇಜಿನ ಪಿ.ಟಿ. ಮಾಸ್ತರು ಸಂಜುಕುಮಾರ ಅವರದು. ಅವರು ನಡುವೆ ಬಂದರು. "ದೂರು ಬಂದ ಮ್ಯಾಲ ಟೆಸ್ಟ್ ಸರಿಯಾಗಿ ಆಗ್ಬೇಕ್ ನೋಡವಾ. ಅದು ಆಗಲಾರದ ನಿನ್ನ ಹೆಸರು ಕಳಸಾಕ ಬರಂಗಿಲ್ಲ. ಸಂಜಿಕ ಕಳಸೋದದ."

"ಮಾಡ್ರಿ ಸರ್. ನಾನ ಹೇಳಾಕತ್ತೇನಿ, ಮಾಡ್ರಿ. ಇಲ್ಲಂದ್ರ ಇವರು ಸಾಯೋತನಾ ಇದನ್ನ ಅಂತಾರ."

ಆಗ ಅವಳ ಕಣ್ಣು ಕಂಬದ ಹಿಂದೆ ನಿಂತ ನನ್ನ ಮೇಲೆ ಬಿತ್ತು. "ಯವ್ವಾ, ಇರಮ! ಅಲ್ಲಿ ಯಾಕ್ ಅಡಗಿ ನಿಂತಿ ಬೇ, ಸಾಲ ಮಾಡಿದಾಕಿನ ಹಂಗ?" ಅಂತ ನನ್ನ ಹೆಸರು ಹಿಡಿದು ಕೂಗುತ್ತ ಬಂದು ಬೆವರು ಮೈಯಲ್ಲೇ ಅಪ್ಪಿಕೊಂಡಳು. ನನ್ನ ಕೈಯಲ್ಲಿ ಫಿನಾಯಿಲಿನ ಬಕೀಟು ಹಾಗೇ ಇತ್ತು.

ದೂರು ಬಂದದ್ದಕ್ಕೆ ಇಬ್ಬರದೂ ಪರೀಕ್ಷೆ ಅಂದರು, ಮೊದಲು ಯಾಸ್ಮೀನಳ ಸರದಿ. ಮೇಡಂ ತಾವೇ ಒಳಗೆ ಹೋದರು. ಜಾಗ ಇಕ್ಕಟ್ಟು, ಇಬ್ಬರು ಹಿಡಿಸುವುದಿಲ್ಲ. ಅದಕ್ಕೆ ನಾವು ಕಟ್ಟಿದ ಸುತಳಿ ಕೆಲಸಕ್ಕೆ ಬರಲಿಲ್ಲ, ಬಾಗಿಲು ತೆರೆದೇ ಇಟ್ಟು ಮೇಡಂ ಹೊಸ್ತಿಲ ಮೇಲೆ ನಿಂತರು. ಖಾಲಾ ಆಚೆ ಬಾಗಿಲಿಗೆ ಅಡ್ಡ ಒಂದು ಚಾದರ ಹಿಡಿದಳು. ಅಂಗಿ ಎದೆತನಕ ಎತ್ತಬೇಕು, ಚಡ್ಡಿ ಮೊಣಕಾಲಿನ ಕೆಳಗೆ ಇಳಿಯಬೇಕು, ತೋಳು ಮಡಚಬೇಕು ಅಂತ ಮೇಡಂ ಹೇಳುವುದು ಕೇಳುತ್ತಿತ್ತು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಯಾಸ್ಮೀನ ಹೊರಗೆ ಬಂದು ನಳದ ಕೆಳಗೆ ಮುಖ ಹಿಡಿದು ನಿಂತಳು, ಎಷ್ಟು ಹೊತ್ತಾದರೂ ಎತ್ತಲಿಲ್ಲ.

"ಖಾಲಾ, ನಮ್ಮ ಅಮ್ಮೀನೂ ನನ್ನ ಹಂಗ ನೋಡಿಲ್ಲ" ಅಂದಳು. ಹದಿನೆಂಟೋ ಹತ್ತೊಂಬತ್ತೋ ಇರಬೇಕು. ಖಾಲಾ ತನ್ನ ಓಢಣಿಯ ಅಂಚಿನಿಂದ ಅವಳ ಮುಖ ಒರೆಸಿದಳು.

ಮೇಡಂ ಮೇಜಿನ ಹತ್ತಿರ ಕೂತು ಯಾಸ್ಮೀನಳ ಬಾಟಲಿಗಳಿಗೆ ಮೊಹರು ಹಾಕಲು ಶುರು ಮಾಡಿದರು. ಅವರ ಜೊತೆ ಬರಬೇಕಿದ್ದ ಇನ್ನೊಬ್ಬ ಮೇಡಂ ಬಂದಿರಲಿಲ್ಲ. ಜೊತೆಗಿದ್ದವರು ಗಂಡಸು. ಭಾಗ್ಯಜ್ಯೋತಿ ಬಹಳ ನೀರು ಕುಡಿದಿದ್ದಳು, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತಿದ್ದಳು.

"ಮೇಡಂರೀ, ತಡ್ಕೊಳ್ಳಾಕ ಆಗವಲ್ದು."

"ಮೊಹರು ಹಾಕದೆ ನಾನು ಏಳುವ ಹಾಗಿಲ್ಲಮ್ಮ."

"ಇಲ್ಲೇ ಆಗ್ತದ ಹಂಗಾರ."

ಮೇಡಂ ಸುತ್ತ ನೋಡಿದರು. ನಾನು ಅವರ ಕಣ್ಣಿಗೆ ಬಿದ್ದೆ. "ನೀನು ಹೋಗು" ಅಂದರು. "ಅವಳ ಮೈಯಿಂದ ಲೋಟಕ್ಕೆ ಬೀಳುವುದನ್ನು ಕಣ್ಣಾರೆ ನೋಡಬೇಕು. ಕೆಲವರು ಬೇರೆಯವರ ಮೂತ್ರ ಬಚ್ಚಿಟ್ಟುಕೊಂಡು ಬಂದಿರುತ್ತಾರೆ. ಎದುರಿಗೆ ನಿಂತು ನೋಡು. ಆಯ್ತಾ?"

ನಾನು ತಲೆಯಾಡಿಸಿದೆ.

ಅವಳು ಲೋಟ ಹಿಡಿದು ಒಳಗೆ ಓಡಿದಳು. ನಾನು ಹೊಸ್ತಿಲಿಗೆ ಹೋಗಿ ನಿಂತೆ. ಅವಳು ಕೂತಳು.

"ಯಾರರ ಬರಾಕತ್ತಾರೇನ್ ನೋಡ ಬೇ" ಅಂದಳು ಒಳಗಿಂದ. ಹೊಲದ ಬದುವಿನಲ್ಲಿ ದಿನಾ ಅನ್ನುತ್ತಿದ್ದ ಮಾತು.

"ಯಾರೂ ಇಲ್ಲ. ದೊಡ್ಡಪ್ಪ ಗೌಡರ ಎಮ್ಮಿ ಒಂದ್ ಬರಾಕತ್ತದ" ಅಂದೆ. ಅದೂ ಆಗಿನ ಮಾತೇ.

"ಬರ್ಲಿ ಬಿಡು, ಅದೂ ಹೆಣ್ಣ ಅಲಾ."

ಇಬ್ಬರೂ ನಕ್ಕೆವು. ಎಷ್ಟೋ ವರ್ಷದ ಮೇಲೆ ನಾನು ಹಾಗೆ ನಕ್ಕಿದ್ದೆ. ನನ್ನ ಎದುರಿಗೆ ಖಾಲಾ ಹಿಡಿದ ಚಾದರದ ನೀಲಿ ಹೂಗಳು ಕಾಣುತ್ತಿದ್ದವು. ಆ ಹೂಗಳನ್ನು ನೋಡುತ್ತಿದ್ದೇನೆ ಅನ್ನುವುದು ತಿಳಿಯುವ ಹೊತ್ತಿಗೆ ಅವಳು ಲೋಟ ಹಿಡಿದು ನನ್ನ ಹಿಂದೆ ನಿಂತಿದ್ದಳು.

ಮೇಡಂ ಲೋಟ ತೆಗೆದುಕೊಂಡರು, ಬಾಟಲಿಗೆ ಸುರಿದರು. ಆಮೇಲೆ ಪೆನ್ನು ನನ್ನ ಕಡೆ ಚಾಚಿದರು. "ಪೂರ್ತಿ ನೋಡಿದೆ ತಾನೆ?"

ಹೌದ್ರಿ ಅಂದರೆ ಮುಗಿಯುತ್ತಿತ್ತು. ಇವಳು ಏನೂ ತಿಂದಿಲ್ಲ ಅಂತ ನನಗೆ ಗೊತ್ತು ಅನ್ನಿಸಿತು. ಆದರೆ ಗೊತ್ತಿರುವುದು ಬೇರೆ, ನೋಡಿದ್ದು ಬೇರೆ. ನನಗೆ ಗೊತ್ತಿದ್ದವಳು ಮಟಕಿ ರಸ್ತೆಯಲ್ಲಿ ಶಾಲೆಯ ಸೈಕಲ್ ತುಳಿಯುತ್ತಿದ್ದವಳು. ಹಾಸ್ಟೆಲಿನ ವರ್ಷಗಳಲ್ಲಿ ಅವಳು ಏನು ಉಂಡಳು, ಯಾರು ಏನು ಕೊಟ್ಟರು, ಅದನ್ನು ನಾನು ನೋಡಿಲ್ಲ. ಅಲ್ಲಿ ನಳದ ಹತ್ತಿರ ಯಾಸ್ಮೀನ ಇನ್ನೂ ಅಂಗಿಯ ಅಂಚನ್ನು ಕೆಳಗೆ ಜಗ್ಗುತ್ತ ನಿಂತಿದ್ದಳು. ಅವಳನ್ನು ಎದೆತನಕ ನೋಡಿದ್ದಾರೆ. ನಮ್ಮವಳನ್ನು ಯಾರೂ ನೋಡಿಲ್ಲ. ನಾನು ಸಹಿ ಹಾಕಿದರೆ ಇಬ್ಬರಿಗೂ ಒಂದೇ ಕಾಯ್ದೆ ಅಂತ ಹೇಗೆ ಅನ್ನುವುದು?

"ಇಲ್ರಿ ಮೇಡಂ" ಅಂದೆ. "ಮಾರಿ ತಿರುಗಿಸಿ ನಿಂತಿದ್ದೆ."

"ಏನು?"

"ನಾಚಿಕಿ ಬಂತ್ರಿ. ನಮ್ಮ ಕಡಿ ಹಂಗ ನೋಡಂಗಿಲ್ರಿ."

ಮೇಡಂ ಪೆನ್ನನ್ನು ಮೇಜಿನ ಮೇಲೆ ಇಟ್ಟರು. ಬಾಗಿಲ ಹೊರಗೆ ನಿಂತಿದ್ದ ಧರ್ಮರಾಜ ಸರ್ ಕೇಳಿಸಿಕೊಂಡೇ ಬಿಟ್ಟರು. "ನೋಡ್ರಿ ಸಂಜುಕುಮಾರ! ಗೆಳತೀನ ಕರ್ಕೊಂಡ್ ಹೋಗ್ಯಾಳ, ಆಕಿ ಮಾರಿ ತಿರುಗಿಸ್ಯಾಳ. ಎಷ್ಟ ಚಂದ ಅದ ನಾಟಕ! ಅದು ಯಾರದೋ ಉಚ್ಚಿ, ಯಾರಿಗ್ ಗೊತ್ತು?"

"ನಾನ ಏನ್ ಕರ್ಕೊಂಡ್ ಹೋಗಿಲ್ಲ, ಮೇಡಂ ಕಳಸ್ಯಾರ" ಅಂದಳು ಭಾಗ್ಯಜ್ಯೋತಿ. ಆಮೇಲೆ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಸಿಟ್ಟಿದೆಯೋ ಇಲ್ಲವೋ ತಿಳಿಯಲಿಲ್ಲ.

"ಇನ್ನೂ ಹಂಗ ಎಣಸ್ತಿ ಅಲಾ ಬೇ ನೀ" ಅಂದಳು.

ಮೂಲೆಯಲ್ಲಿದ್ದ ನೀರಿನ ಬಾಟಲಿ ತೆಗೆದುಕೊಂಡು ಬೆಂಚಿನ ಮೇಲೆ ಕೂತಳು, ಎತ್ತಿ ಗಟಗಟ ಕುಡಿದಳು. ಅದು ಖಾಲಿಯಾದ ಮೇಲೆ ಇನ್ನೊಂದು ತೆಗೆದಳು. ನೀರು ಗದ್ದದಿಂದ ಇಳಿದು ಅಂಗಿ ತೊಯ್ಯುತ್ತಿತ್ತು. ಅವಳು ಯಾಕೆ ಕುಡಿಯುತ್ತಿದ್ದಾಳೆ ಅಂತ ನನಗೆ ತಿಳಿಯಿತು. ಅಲ್ಲಿದ್ದ ಎಲ್ಲರಿಗೂ ತಿಳಿದಿರಬೇಕು.

ಮೇಜಿನ ಮೇಲೆ ಮೊಹರು ಒಡೆಯದ ಡಬ್ಬಿ ಇನ್ನೊಂದಿತ್ತು. ಹುಡುಗರಲ್ಲಿ ಗೆದ್ದವನಿಗೆ ಅಂತ ತಂದದ್ದು. ಹುಡುಗರ ರೇಸು ಇನ್ನೂ ರಸ್ತೆಯ ಮೇಲಿತ್ತು. ಮೇಡಂ ಒಮ್ಮೆ ಆ ಡಬ್ಬಿ ನೋಡಿದರು, ಒಮ್ಮೆ ಜೊತೆಗಿದ್ದ ಗಂಡಸಿನ ಮುಖ ನೋಡಿದರು. ಮೊದಲನೆಯದು ಯಾಕೆ ಕೆಟ್ಟಿತು ಅಂತ ಬರೆಯಬೇಕಾಗುತ್ತದೆ ಅಂತ ಮೇಡಂ ಮೆಲ್ಲಗೆ ಅಂದರು. ಕಸ ಹೊಡೆಯುವ ಹುಡುಗಿಯನ್ನು ಕಳಿಸಿದೆವು ಅಂತ ಹೇಗೆ ಬರೆಯುವುದು ಅಂತ ಅವರು ಇನ್ನೂ ಮೆಲ್ಲಗೆ ಅಂದರು. ನಾನು ಎಲ್ಲರ ಬಾಯಿ ನೋಡುವವಳು, ಮೆಲ್ಲಗೆ ಅಂದದ್ದೂ ಕೇಳುತ್ತದೆ.

"ಇನ್ನೊಂದ್ಸಲ ತಗೋರಿ" ಅಂದೆ.

ಸಂಜುಕುಮಾರ ಸರ್ ಗಡಿಯಾರ ನೋಡಿಕೊಂಡರು. ಮೇಡಂ ಕೈಗವಸು ಬಿಚ್ಚತೊಡಗಿದರು. ಖಾಲಾ ನನ್ನ ತೋಳು ಹಿಡಿದು, ಬಾ, ನಮಗ್ಯಾಕ ಅನ್ನುವಂತೆ ಜಗ್ಗಿದಳು. ಹೊರಗೆ ಹುಡುಗರ ರೇಸಿನ ಸೀಟಿ ಕೇಳಿತು, ಎಲ್ಲರೂ ಅತ್ತ ತಿರುಗಿದರು. ಭಾಗ್ಯಜ್ಯೋತಿ ಬಾಟಲಿ ಕೆಳಗಿಟ್ಟು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನೆಟ್ಟಗೆ ಕೂತಿದ್ದಳು.

ನಾನು ಖಾಲಾಳ ಕೈ ಬಿಡಿಸಿಕೊಂಡು ಮೇಜಿನ ಎದುರಿಗೆ ಹೋಗಿ ನಿಂತೆ. ಅಷ್ಟು ಗಟ್ಟಿಯಾಗಿ ನಾನು ಯಾವತ್ತೂ ಮಾತಾಡಿರಲಿಲ್ಲ.

"ಮೇಡಂರೀ, ಇನ್ನೊಂದ್ಸಲ ತಗೋರಿ. ಈ ಸಲ ನೀವ ಬಂದು ನೋಡ್ರಿ."